ಸಂಬಳದ ಚೀಟಿಯಲ್ಲಿರುವ ಇಂಗ್ಲಿಷ್ ಶಬ್ದಗಳು

ದುಡಿಯುವ ವ್ಯಕ್ತಿಗೆ ತನ್ನ ದುಡಿಮೆಯ ಪ್ರತಿಫಲ ಎಷ್ಟು, ಅದು ಯಾವ ಲೆಕ್ಕದಿಂದ ಬಂದಿತು, ಅದರಲ್ಲಿ ಕಡಿತವಾದುದೆಷ್ಟು ಮತ್ತು ಏಕೆ ಎಂಬುದನ್ನು ತಿಳಿಯುವ ಹಕ್ಕಿದೆ. 2019ರಲ್ಲಿ ಸಂಸತ್ತು ಅಂಗೀಕರಿಸಿ, 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯು ಪ್ರತಿಯೊಬ್ಬ ಉದ್ಯೋಗಿಗೂ ಸಂಬಳದ ಚೀಟಿ ಕೊಡಬೇಕೆಂದು ಮಾಲೀಕರನ್ನು ಕಡ್ಡಾಯಪಡಿಸುತ್ತದೆ. ಆದರೆ ಆ ಚೀಟಿಯು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅಂಕಿಗಳನ್ನು ಎಲ್ಲರೂ ಓದಬಲ್ಲರು. ಅಂಕಿಯ ಎಡಬದಿಯಲ್ಲಿರುವ ಶಬ್ದವನ್ನು ಓದಿ ಅರ್ಥ ಮಾಡಿಕೊಳ್ಳುವವರು ಕಡಿಮೆ. ಹೀಗಾಗಿ ಹಲವರು ಚೀಟಿಯ ಕೊನೆಯ ಸಾಲನ್ನಷ್ಟೇ ನೋಡಿ ಅದನ್ನು ಮಡಚಿ ಜೇಬಿಗಿಡುತ್ತಾರೆ. ಮೇಲಿನ ಸಾಲುಗಳಲ್ಲಿ ಅವರ ಮುಂದಿನ ಇಪ್ಪತ್ತು ವರ್ಷಗಳ ಹಣವಿರುತ್ತದೆ.

ಪುಣೆಯ ಸದಾಶಿವ ಪೇಠೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1761ರ ಜನವರಿ 14ರಂದು ಪಾಣಿಪತದ ರಣಭೂಮಿಯಲ್ಲಿ ಮಡಿದ ಸದಾಶಿವರಾವ್ ಭಾವೂ ಅವರ ಹೆಸರನ್ನು ಹೊತ್ತಿರುವ ಈ ಪೇಠೆಯ ಸುತ್ತಮುತ್ತ ತಿಲಕ್ ರಸ್ತೆ, ಬಾಜೀರಾವ್ ರಸ್ತೆ, ಲಕ್ಷ್ಮೀ ರಸ್ತೆಗಳು ಹಾದುಹೋಗುತ್ತವೆ. ಬಟ್ಟೆ ಮತ್ತು ಆಭರಣದ ಅಂಗಡಿಗಳು, ಪುಸ್ತಕದ ಮಳಿಗೆಗಳು, ಖಾನಾವಳಿಗಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ತರುಣರಿಂದ ತುಂಬಿದ ಅಭ್ಯಾಸಿಕೆಗಳು ಇಲ್ಲಿ ಒತ್ತಾಗಿ ನೆಲೆಗೊಂಡಿವೆ. ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಪುಣೆಗೆ ಬಂದ ಕನ್ನಡಿಗರು, ಕರಾವಳಿಯಿಂದ ಹೋಟೆಲು ಉದ್ಯಮವನ್ನು ಅರಸಿ ಬಂದವರು ಇಂತಹ ಪೇಠೆಗಳಲ್ಲಿ ಕೆಲಸ ಹಿಡಿಯುತ್ತಾರೆ. ಮರಾಠಿಯು ಅವರಿಗೆ ಕೆಲವೇ ತಿಂಗಳುಗಳಲ್ಲಿ ನಾಲಿಗೆಗೆ ಹತ್ತುತ್ತದೆ. ಮಾಲೀಕರೊಡನೆ ಮರಾಠಿ, ಊರಿನವರೊಡನೆ ಕನ್ನಡ, ಗ್ರಾಹಕರೊಡನೆ ಹಿಂದಿ. ಸಂಬಳದ ಚೀಟಿಯೊಂದು ಮಾತ್ರ ಇಂಗ್ಲಿಷು. ಈ ನಾಲ್ಕನೆಯ ಭಾಷೆಯ ಇಪ್ಪತ್ತೈದು ಮೂವತ್ತು ಶಬ್ದಗಳನ್ನು ಅರಿತರೆ ಸಾಕು, ಇಂಗ್ಲಿಷನ್ನು ಪೂರ್ತಿ ಕಲಿಯಬೇಕಾಗಿಲ್ಲ.

ಪಗಾರ ಮತ್ತು ಪೇ

ಮೊದಲಿಗೆ ನಮ್ಮಲ್ಲಿರುವ ಶಬ್ದಗಳನ್ನು ನೋಡೋಣ. ಧಾರವಾಡ, ಬೆಳಗಾವಿ, ವಿಜಯಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಪುಣೆಯೊಡನೆ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಆದಕಾರಣ ಆ ಭಾಗದ ಕನ್ನಡಿಗನಿಗೆ ಪುಣೆಯ ಸಂಬಳದ ಮಾತು ಅಪರಿಚಿತವಲ್ಲ. ಎರಡೂ ಕಡೆ ‘ಪಗಾರ’ ಎನ್ನುತ್ತಾರೆ. ಈ ಶಬ್ದವು ಮರಾಠಿಯದೂ ಅಲ್ಲ, ಕನ್ನಡದ್ದೂ ಅಲ್ಲ. ಪಶ್ಚಿಮ ಕರಾವಳಿಗೆ ಬಂದ ಪೋರ್ತುಗೀಸರ ‘ಪಗಾರ್’, ಅಂದರೆ ‘ಹಣ ಕೊಡು’ ಎಂಬ ಕ್ರಿಯಾಪದ. ಅದರ ಮೂಲವು ಲ್ಯಾಟಿನ್ ಭಾಷೆಯ, ‘ಸಮಾಧಾನಪಡಿಸು’ ಎಂಬ ಅರ್ಥದ ಒಂದು ಶಬ್ದ. ಇಂಗ್ಲಿಷಿನ ‘ಪೇ’ ಎಂಬುದೂ ಅದೇ ಲ್ಯಾಟಿನ್ ಶಬ್ದದಿಂದಲೇ ಫ್ರೆಂಚಿನ ಮೂಲಕ ಹುಟ್ಟಿತು. ಬಾಕಿ ಬರಬೇಕಾದವನಿಗೆ ಅದನ್ನು ಕೊಟ್ಟು ಸಮಾಧಾನಪಡಿಸುವುದೇ ಪೇ. ಹೀಗೆ ಇಂಡಿಯ ರೈತನ ಮಗನು ‘ಪಗಾರ ಆಯ್ತೇನು?’ ಎಂದು ಕೇಳುವಾಗ, ಇಂಗ್ಲಿಷ್ ಚೀಟಿಯ ಮೇಲ್ಭಾಗದಲ್ಲಿರುವ ‘ಪೇ ಸ್ಲಿಪ್’ ಎಂಬ ಶಬ್ದದ ದಾಯಾದಿಯನ್ನೇ ಬಳಸುತ್ತಿರುತ್ತಾನೆ.

ಹಳೆ ಮೈಸೂರಿನವರ ‘ಸಂಬಳ’ಕ್ಕೆ ದಾರಿಯ ಬುತ್ತಿ ಎಂಬ ಅರ್ಥದ ಸಂಸ್ಕೃತ ಶಬ್ದವನ್ನು ಮೂಲವೆಂದು ನಿಘಂಟುಗಳು ತೋರಿಸುತ್ತವೆ. ‘ಭತ್ಯೆ’ಯನ್ನು ವಿದ್ವಾಂಸರಲ್ಲಿ ಕೆಲವರು ಅನ್ನ ಎಂಬ ಅರ್ಥದ ಶಬ್ದಕ್ಕೆ ಜೋಡಿಸುತ್ತಾರೆ. ಸಂಬಳ ಹಂಚುವ ಕಾರ್ಯಕ್ಕೆ ‘ಬಟವಾಡೆ’ ಎಂಬ ಅಚ್ಚುಕಟ್ಟಾದ ಶಬ್ದವಿದೆ. ಇಂಗ್ಲಿಷಿನ ‘ಡಿಸ್ಬರ್ಸ್‌ಮೆಂಟ್’ ಇದಕ್ಕಿಂತ ಉತ್ತಮವೇನಲ್ಲ.

ಇಂಗ್ಲಿಷಿನಲ್ಲಿ ‘ವೇಜ್’ ಮತ್ತು ‘ಸ್ಯಾಲರಿ’ ಎಂಬ ಎರಡು ಶಬ್ದಗಳಿವೆ. ದಿನಕ್ಕೆ, ಗಂಟೆಗೆ, ವಾರಕ್ಕೆ ಅಥವಾ ಮಾಡಿದ ಕೆಲಸದ ಲೆಕ್ಕಕ್ಕೆ ಕೊಡುವುದು ವೇಜ್; ತಿಂಗಳಿಗೆ ಅಥವಾ ವರ್ಷಕ್ಕೆ ಇಷ್ಟೆಂದು ನಿಗದಿಪಡಿಸಿದ್ದು ಸ್ಯಾಲರಿ. ಮೊದಲನೆಯದು ಒತ್ತೆ, ವಾಗ್ದಾನ ಎಂಬ ಅರ್ಥದಿಂದ ಬಂದಿತು. ಎರಡನೆಯದಕ್ಕೆ ಲ್ಯಾಟಿನ್ನಿನ ಉಪ್ಪು ಎಂಬ ಶಬ್ದದ ನಂಟಿದೆ. ರೋಮನ್ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಕೊಡುತ್ತಿದ್ದರೆಂಬ ಕಥೆ ಜನಪ್ರಿಯವಾಗಿದ್ದರೂ ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಸರ್ಕಾರಿ ಕಾಗದಪತ್ರಗಳನ್ನು ಕನ್ನಡಿಸುವವರಿಗೆ ಈ ಜೋಡಿಯು ಒಂದು ತೊಡಕು. ವೇಜ್ ಎಂಬುದನ್ನು ‘ಕೂಲಿ’ ಎಂದರೆ ಮಾಸಿಕ ಸಂಬಳದವನು ಅದು ತನಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುಗಿಸುತ್ತಾನೆ. ‘ವೇತನ’ ಎಂದರೆ ದಿನಗೂಲಿಯವನು ಹಾಗೆಯೇ ಮಾಡುತ್ತಾನೆ. ಕಾನೂನಿನ ದೃಷ್ಟಿಯಲ್ಲಿ ಇಬ್ಬರದೂ ವೇಜಸ್ಸೇ. ಅಂಗಡಿಯಲ್ಲಿ ಗಂಟು ಹೊರುವವನಿಂದ ಹಿಡಿದು ಗಲ್ಲೆಯ ಮೇಲೆ ಕುಳಿತ ವ್ಯವಸ್ಥಾಪಕನವರೆಗೆ ಎಲ್ಲ ಉದ್ಯೋಗಿಗಳಿಗೂ ವೇತನ ಸಂಹಿತೆಯು ಅನ್ವಯಿಸುತ್ತದೆ. ಹಿಂದಿನ 1936ರ ವೇತನ ಪಾವತಿ ಕಾಯಿದೆಯಲ್ಲಿ ಇಂತಿಷ್ಟು ಸಂಬಳದವರೆಗೆ ಮಾತ್ರ ಎಂಬ ಮಿತಿಯಿತ್ತು. ಈಗ ಆ ಮಿತಿಯಿಲ್ಲ. ಆದುದರಿಂದ ಕಾನೂನಿನ ಕಾಗದದಲ್ಲಿ ‘ವೇಜಸ್’ ಎಂಬ ಶಬ್ದ ಕಂಡರೆ ಅದನ್ನು ‘ನನ್ನ ಸಂಬಳ’ ಎಂದೇ ಓದಿಕೊಳ್ಳಬೇಕು.

‘ಅರ್ನಿಂಗ್ಸ್’ ಎಂಬುದು ಇವೆರಡಕ್ಕಿಂತಲೂ ವಿಶಾಲವಾದುದು. ಸಂಬಳ, ಭತ್ಯೆ, ಕಮಿಷನ್ ಇತ್ಯಾದಿಯಾಗಿ ದುಡಿದು ಗಳಿಸಿದ್ದೆಲ್ಲ ಅದರಲ್ಲಿ ಸೇರುತ್ತದೆ. ಚೀಟಿಯ ಎಡಭಾಗಕ್ಕೆ ‘ಅರ್ನಿಂಗ್ಸ್’, ಬಲಭಾಗಕ್ಕೆ ‘ಡಿಡಕ್ಷನ್ಸ್’ ಎಂದು ಶೀರ್ಷಿಕೆ ಕೊಡುವುದು ರೂಢಿ. ನಮ್ಮ ‘ದುಡಿಮೆ’ ಎಂಬ ಶಬ್ದದಲ್ಲಿ ಪರಿಶ್ರಮ ಮತ್ತು ಗಳಿಕೆ ಎರಡೂ ಅರ್ಥಗಳಿವೆ. ಇಂಗ್ಲಿಷಿನಲ್ಲಿ ಅವು ಬೇರೆ ಬೇರೆ: ಪರಿಶ್ರಮ ‘ವರ್ಕ್’, ಗಳಿಕೆ ‘ಅರ್ನಿಂಗ್ಸ್’.

ಗ್ರಾಸ್, ನೆಟ್ ಮತ್ತು ಪ್ಯಾಕೇಜ್

ಬಿಸ್ಕತ್ತಿನ ಪೊಟ್ಟಣದ ಮೇಲೆ ‘ನೆಟ್ ವೇಟ್’ ಎಂದು ಮುದ್ರಿಸಿರುವುದನ್ನು ಎಲ್ಲರೂ ಕಂಡಿದ್ದಾರೆ. ಪೊಟ್ಟಣದ ತೂಕವನ್ನು ಕಳೆದು ಉಳಿದ ತೂಕ ಅದು. ಸಂಬಳದಲ್ಲಿಯೂ ಹಾಗೆಯೇ. ಕಡಿತಕ್ಕೆ ಮೊದಲಿನ ಒಟ್ಟು ಮೊತ್ತ ‘ಗ್ರಾಸ್’. ಕಡಿತದ ನಂತರ ಉಳಿಯುವುದು ‘ನೆಟ್’. ನೆಟ್ ಎಂದರೆ ಮೂಲದಲ್ಲಿ ಶುದ್ಧವಾದುದು, ಹೊಳೆಯುವುದು ಎಂದರ್ಥ. ನಮ್ಮ ‘ನಿವ್ವಳ’ವೂ ತಿಳಿಯಾದುದು ಎಂಬ ಅರ್ಥದ ಮರಾಠಿ ಶಬ್ದದಿಂದಲೇ ಬಂದಿತು. ಆದುದರಿಂದ ಈ ಭಾಷಾಂತರದಲ್ಲಿ ಅರ್ಥ ಸ್ವಲ್ಪವೂ ಸೋರಿಹೋಗಿಲ್ಲ. ನೆಟ್ ಸಂಬಳಕ್ಕೆ ಆಡುಮಾತಿನಲ್ಲಿ ‘ಟೇಕ್-ಹೋಮ್’ ಎನ್ನುತ್ತಾರೆ, ಅಂದರೆ ಮನೆಗೆ ಒಯ್ಯುವ ಹಣ.

ಇತ್ತೀಚಿನ ದಶಕಗಳಲ್ಲಿ ಇನ್ನೊಂದು ಶಬ್ದ ಬಳಕೆಗೆ ಬಂದಿದೆ: ‘ಸಿ.ಟಿ.ಸಿ.’, ಎಂದರೆ ‘ಕಾಸ್ಟ್ ಟು ಕಂಪನಿ’. ಒಬ್ಬ ಉದ್ಯೋಗಿಗಾಗಿ ಸಂಸ್ಥೆಗೆ ವರ್ಷಕ್ಕೆ ತಗಲುವ ಒಟ್ಟು ವೆಚ್ಚ ಇದು. ‘ಪ್ಯಾಕೇಜ್ ಐದು ಎಲ್.ಪಿ.ಎ.’ ಎಂದು ತರುಣರು ಹೇಳಿಕೊಳ್ಳುವುದು ಈ ಮೊತ್ತವನ್ನು, ಎಲ್.ಪಿ.ಎ. ಎಂದರೆ ವರ್ಷಕ್ಕೆ ಇಷ್ಟು ಲಕ್ಷ. ವೆಚ್ಚವು ಸಂಸ್ಥೆಯದು, ಸಂಬಳವು ಉದ್ಯೋಗಿಯದು. ಎರಡೂ ಒಂದೇ ಅಲ್ಲ. ಊರಿನಲ್ಲಿ ಐದು ಲಕ್ಷವನ್ನು ಹನ್ನೆರಡರಿಂದ ಭಾಗಿಸಿ ಲೆಕ್ಕ ಹಾಕಿ ಕುಳಿತ ತಂದೆ-ತಾಯಿಗಳಿಗೆ ಮೊದಲ ತಿಂಗಳೇ ನಿರಾಸೆಯಾಗುವುದು ಇದರಿಂದ.

ಲಕ್ಷ್ಮೀ ರಸ್ತೆಯ ಒಂದು ದೊಡ್ಡ ಅಂಗಡಿಯಲ್ಲಿ ಲೆಕ್ಕ ಬರೆಯುವ ಒಬ್ಬ ಕನ್ನಡಿಗನ ಚೀಟಿಯನ್ನು ಕಲ್ಪಿಸಿಕೊಳ್ಳೋಣ. ಮೂಲ ವೇತನವಾದ ‘ಬೇಸಿಕ್’ ಮತ್ತು ತುಟ್ಟಿಭತ್ಯೆಯಾದ ‘ಡಿ.ಎ.’ ಸೇರಿ 16,000 ರೂಪಾಯಿ. ಮನೆ ಬಾಡಿಗೆ ಭತ್ಯೆಯಾದ ‘ಎಚ್.ಆರ್.ಎ.’ 12,000, ಓಡಾಟದ ‘ಕನ್ವೇಯನ್ಸ್’ 5,000, ಮಾರಾಟದ ಮೇಲಿನ ‘ಕಮಿಷನ್’ 5,200. ಗ್ರಾಸ್ 38,200 ರೂಪಾಯಿ ಆಯಿತು. ಭವಿಷ್ಯನಿಧಿಗೆ 1,800, ವೃತ್ತಿ ತೆರಿಗೆಗೆ 200 ಕಡಿತವಾದರೆ ನೆಟ್ 36,200. ಆದರೆ ನೇಮಕಾತಿ ಪತ್ರದಲ್ಲಿ ಸಂಸ್ಥೆಯು ತನ್ನ ಪಾಲಿನ ಭವಿಷ್ಯನಿಧಿ 1,800ನ್ನೂ, ಉಪದಾನಕ್ಕೆಂದು ತೆಗೆದಿರಿಸುವ ಸುಮಾರು 962 ರೂಪಾಯಿಯನ್ನೂ ಸೇರಿಸಿ, ವರ್ಷಕ್ಕೆ ಸುಮಾರು 4.92 ಲಕ್ಷ ಎಂದು ಬರೆದಿರುತ್ತದೆ. ಕೈಗೆ ಬರುವುದು ಸುಮಾರು 4.34 ಲಕ್ಷ. ಇಲ್ಲಿ ವಂಚನೆಯೇನೂ ಇಲ್ಲ, ಶಬ್ದದ ವ್ಯತ್ಯಾಸವಷ್ಟೇ. ಕೆಲಸಕ್ಕೆ ಒಪ್ಪಿಕೊಳ್ಳುವ ಮುನ್ನ ‘ಈಸ್ ದಿಸ್ ಗ್ರಾಸ್ ಆರ್ ಸಿ.ಟಿ.ಸಿ.?’ ಎಂದು ಕೇಳಿದರೆ ವಿಷಯ ಸ್ಪಷ್ಟವಾಗುತ್ತದೆ. ಇಂತಹ ಪ್ರಶ್ನೆಯನ್ನು ಯಾವ ಮಾಲೀಕನೂ ಅಧಿಕಪ್ರಸಂಗವೆಂದು ಎಣಿಸಲಾರ.

ಬೇಸಿಕ್ ಎಂಬ ಸಾಲಿನ ಮಹತ್ವ

ಈ ಚೀಟಿಯಲ್ಲಿ ಅತ್ಯಂತ ಗಮನಾರ್ಹವಾದ ಸಾಲು ‘ಬೇಸಿಕ್’. ಒಟ್ಟು ಮೊತ್ತ ಒಂದೇ ಆಗಿದ್ದರೂ ಬೇಸಿಕ್ ಕಡಿಮೆಯಿದ್ದು ಭತ್ಯೆಗಳು ಹೆಚ್ಚಾಗಿದ್ದರೆ ಉದ್ಯೋಗಿಗೆ ನಷ್ಟ. ಭವಿಷ್ಯನಿಧಿ, ಉಪದಾನ, ಬೋನಸ್ ಇವುಗಳ ಲೆಕ್ಕವೆಲ್ಲವೂ ಬೇಸಿಕ್ ಮತ್ತು ತುಟ್ಟಿಭತ್ಯೆಗಳನ್ನು ಅವಲಂಬಿಸಿರುತ್ತದೆ. ಹಿಂದೆ ಕೆಲವು ಸಂಸ್ಥೆಗಳು ಇದೇ ಕಾರಣಕ್ಕಾಗಿ ಬೇಸಿಕ್ಕನ್ನು ಚಿಕ್ಕದಾಗಿಸಿ, ಬಗೆಬಗೆಯ ಹೆಸರಿನ ಭತ್ಯೆಗಳನ್ನು ಬೆಳೆಸುತ್ತಿದ್ದವು. ತಿಂಗಳ ಕೊನೆಗೆ ಕೈಗೆ ಬರುವ ಹಣದಲ್ಲಿ ವ್ಯತ್ಯಾಸ ಕಾಣದ ಕಾರಣ ಯಾರೂ ಕೇಳುತ್ತಿರಲಿಲ್ಲ.

ವೇತನ ಸಂಹಿತೆಯು ಇದಕ್ಕೊಂದು ಕಟ್ಟು ಹಾಕಿದೆ. ಬೇಸಿಕ್, ತುಟ್ಟಿಭತ್ಯೆ ಮತ್ತು ಕಾದಿರಿಸುವಿಕೆಯ ಭತ್ಯೆಗಳು ವೇತನವೆನಿಸುತ್ತವೆ. ಮನೆ ಬಾಡಿಗೆ, ಓಡಾಟ, ಹೆಚ್ಚುವರಿ ದುಡಿತ, ಕಮಿಷನ್, ಮಾಲೀಕರ ಪಾಲಿನ ಭವಿಷ್ಯನಿಧಿ ಮುಂತಾಗಿ ಹೆಸರಿಸಿದ ಕೆಲವನ್ನು ವೇತನದಿಂದ ಹೊರಗಿಡಲಾಗಿದೆ. ಆದರೆ ಹೀಗೆ ಹೊರಗಿಟ್ಟವುಗಳ ಮೊತ್ತವು ಒಟ್ಟು ಪ್ರತಿಫಲದ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ಮರಳಿ ವೇತನಕ್ಕೆ ಸೇರಿಸಿಯೇ ಲೆಕ್ಕ ಹಾಕಬೇಕು. ಮೇಲಿನ ಚೀಟಿಗೆ ಇದನ್ನು ಅನ್ವಯಿಸೋಣ. ಮಾಲೀಕರ ಭವಿಷ್ಯನಿಧಿ ಸೇರಿ ಒಟ್ಟು ಪ್ರತಿಫಲ 40,000, ಹೊರಗಿಟ್ಟದ್ದು 24,000, ಅರ್ಧವೆಂದರೆ 20,000. ಮೀರಿದ 4,000ವನ್ನು ಸೇರಿಸಿದಾಗ ವೇತನವು 16,000ದ ಬದಲಿಗೆ 20,000 ಎನಿಸುತ್ತದೆ. ಹತ್ತು ವರ್ಷಗಳ ಸೇವೆಗೆ ದೊರೆಯುವ ಉಪದಾನವನ್ನು 16,000ದ ಮೇಲೆ ಲೆಕ್ಕ ಹಾಕಿದರೆ 92,308 ರೂಪಾಯಿ. 20,000ದ ಮೇಲೆ ಹಾಕಿದರೆ 1,15,385. ಒಂದು ವ್ಯಾಖ್ಯೆಯಿಂದ 23,077 ರೂಪಾಯಿ ಹೆಚ್ಚಾಯಿತು.

‘ಡಿ.ಎ.’ ಬಗ್ಗೆಯೂ ಒಂದು ಮಾತು. ಇಂಗ್ಲಿಷಿನ ‘ಡಿಯರ್’ ಎಂದರೆ ಪ್ರಿಯ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ದುಬಾರಿ ಎಂಬುದೂ ಅದರ ಅರ್ಥವೇ. ಬೆಲೆಗಳು ಏರಿದಾಗ ಸಂಬಳದ ಕೊಳ್ಳುವ ಶಕ್ತಿ ಕುಗ್ಗದಿರಲೆಂದು ಕೊಡುವುದು ತುಟ್ಟಿಭತ್ಯೆ. ಮರಾಠಿಯವರು ‘ಮಹಾಗಾಈ ಭತ್ತಾ’ ಎನ್ನುತ್ತಾರೆ. ಉತ್ತರ ಕರ್ನಾಟಕದ ಸಂತೆಯಲ್ಲಿ ‘ಭಾಳ ತುಟ್ಟಿ ಆತು’ ಎಂದು ದಿನವೂ ಕೇಳಿಬರುವ ಶಬ್ದವನ್ನೇ ಸರ್ಕಾರಿ ಕನ್ನಡ ಸ್ವೀಕರಿಸಿದ್ದು ಸಂತೋಷದ ಸಂಗತಿ. ಎಲ್ಲ ಪಾರಿಭಾಷಿಕಗಳೂ ಹೀಗೆ ಜನರ ಬಾಯಿಂದ ಬಂದಿದ್ದರೆ ಭಾಷಾಂತರಕಾರರ ಕೆಲಸ ಸುಲಭವಾಗುತ್ತಿತ್ತು.

ಕಡಿತಗಳ ಸಾಲು

ಬಲಭಾಗದ ‘ಡಿಡಕ್ಷನ್ಸ್’ ಸಾಲಿನಲ್ಲಿ ಏನೇನೆಲ್ಲ ಬರಬಹುದೆಂಬುದನ್ನು ಕಾನೂನು ಹೇಳಿದೆ. ಮಾಲೀಕರು ತಮ್ಮ ಇಚ್ಛೆಯಂತೆ ಹೊಸ ಹೆಸರುಗಳನ್ನು ಸೇರಿಸುವಂತಿಲ್ಲ. ಎಲ್ಲ ಕಡಿತಗಳೂ ಸೇರಿ ವೇತನದ ಶೇಕಡಾ 50ನ್ನು ಮೀರಬಾರದು. ದಂಡವಾದ ‘ಫೈನ್’ ಆ ಅವಧಿಯ ವೇತನದ ಶೇಕಡಾ 3ಕ್ಕಿಂತ ಹೆಚ್ಚಿರಬಾರದು. ಗೈರುಹಾಜರಿಗೆ ಕಡಿತ ಮಾಡುವುದಾದರೆ ಗೈರುಹಾಜರಾದ ಅವಧಿಗೆ ಅನುಗುಣವಾಗಿರಬೇಕು. ಚೀಟಿಯಲ್ಲಿ ‘ಎಲ್.ಓ.ಪಿ.’ ಎಂದಿದ್ದರೆ ‘ಲಾಸ್ ಆಫ್ ಪೇ’, ಅಂದರೆ ಸಂಬಳವಿಲ್ಲದ ರಜೆ ಎಂದು ತಿಳಿಯಬೇಕು. ಒಡೆದ ಲೋಟ, ಕಳೆದ ಸರಕು ಇವುಗಳ ಬೆಲೆಯನ್ನು ಹಿಡಿಯಬೇಕಾದರೆ, ನಷ್ಟಕ್ಕೆ ಉದ್ಯೋಗಿಯ ನಿರ್ಲಕ್ಷ್ಯವೇ ಕಾರಣವಾಗಿರಬೇಕು ಮತ್ತು ಅವನ ಸಮಜಾಯಿಷಿಯನ್ನು ಮೊದಲು ಕೇಳಬೇಕು.

‘ಪಿ.ಎಫ್.’ ಎಂಬುದು ‘ಪ್ರಾವಿಡೆಂಟ್ ಫಂಡ್’. ಪ್ರಾವಿಡೆಂಟ್ ಎಂದರೆ ಮುಂದಾಲೋಚನೆಯುಳ್ಳ ಎಂದರ್ಥ. ಕನ್ನಡದಲ್ಲಿ ಭವಿಷ್ಯನಿಧಿ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ ಉದ್ಯೋಗಿಯಿಂದ ಸಾಮಾನ್ಯವಾಗಿ ಶೇಕಡಾ 12 ಕಡಿತವಾಗಿ, ಅಷ್ಟೇ ಮೊತ್ತವನ್ನು ಮಾಲೀಕರು ಸೇರಿಸುತ್ತಾರೆ. 2014ರ ಸೆಪ್ಟೆಂಬರ್ 1ರಂದು ನಿಗದಿಪಡಿಸಿದ 15,000 ರೂಪಾಯಿಯ ಮಿತಿಗೆ ಶೇಕಡಾ 12ರಂತೆ ಲೆಕ್ಕ ಹಾಕಿದರೆ 1,800 ರೂಪಾಯಿ ಆಗುತ್ತದೆ. ಹಲವು ಚೀಟಿಗಳಲ್ಲಿ ಈ ಅಂಕಿ ಕಾಣುವುದು ಇದಕ್ಕಾಗಿ. ಚೀಟಿಯಲ್ಲಿ ಕಡಿತವಾಗಿದೆಯೆಂದ ಮಾತ್ರಕ್ಕೆ ಹಣ ನಿಧಿಗೆ ಸೇರಿದೆಯೆಂದಾಗುವುದಿಲ್ಲ. ‘ಯು.ಎ.ಎನ್.’ ಎಂಬ ಹನ್ನೆರಡು ಅಂಕಿಗಳ ಸಂಖ್ಯೆಯನ್ನು ಕೇಳಿ ಪಡೆದು, ಸದಸ್ಯರ ಪಾಸ್‌ಬುಕ್ಕಿನಲ್ಲಿ ತಿಂಗಳ ಜಮೆಯನ್ನು ತಾವೇ ನೋಡಿಕೊಳ್ಳಬೇಕು. ಊರು ಬದಲಿಸಿದರೂ ಕೆಲಸ ಬದಲಿಸಿದರೂ ಈ ಸಂಖ್ಯೆ ಬದಲಾಗುವುದಿಲ್ಲ. ಪುಣೆಯಿಂದ ಹುಬ್ಬಳ್ಳಿಗೆ ಮರಳುವವರು ಹಳೆಯ ಹಣವನ್ನು ಪುಣೆಯಲ್ಲಿಯೇ ಮರೆತು ಬರಬೇಕಾಗಿಲ್ಲ.

‘ಇ.ಎಸ್.ಐ.’ ಕಾರ್ಮಿಕರ ರಾಜ್ಯ ವಿಮೆ. 2017ರ ಜನವರಿ 1ರಿಂದ ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರು ಇದರ ವ್ಯಾಪ್ತಿಗೆ ಬಂದರು. 2019ರ ಜುಲೈ 1ರಂದು ಉದ್ಯೋಗಿಯ ಪಾಲನ್ನು ಶೇಕಡಾ 0.75ಕ್ಕೆ, ಮಾಲೀಕರ ಪಾಲನ್ನು ಶೇಕಡಾ 3.25ಕ್ಕೆ ಇಳಿಸಲಾಯಿತು. ಇದು ಕಳೆದುಹೋಗುವ ಹಣವಲ್ಲ. ಕುಟುಂಬದ ಚಿಕಿತ್ಸೆಗೂ, ಅನಾರೋಗ್ಯದ ದಿನಗಳ ಭತ್ಯೆಗೂ, ಹೆರಿಗೆಯ ಸೌಲಭ್ಯಕ್ಕೂ ಹಕ್ಕು ದೊರಕಿಸುವ ವಂತಿಗೆ.

‘ಪಿ.ಟಿ.’ ಎಂಬ ವೃತ್ತಿ ತೆರಿಗೆಯು ರಾಜ್ಯ ಸರ್ಕಾರದ್ದು. ಊರಿನಲ್ಲಿ ಕಡಿತವಾಗದಿದ್ದುದು ಇಲ್ಲೇಕೆ ಎಂದು ಕೆಲವರು ಕೇಳುತ್ತಾರೆ. ಕರ್ನಾಟಕವು 2023ರ ಏಪ್ರಿಲ್‌ನಲ್ಲಿ 25,000 ರೂಪಾಯಿಗಿಂತ ಕಡಿಮೆ ಮಾಸಿಕ ಸಂಬಳದವರೆಲ್ಲರಿಗೂ ವಿನಾಯಿತಿ ನೀಡಿತು. ಮಹಾರಾಷ್ಟ್ರವು ಅದೇ ತಿಂಗಳಿನಿಂದ 25,000ದವರೆಗಿನ ವಿನಾಯಿತಿಯನ್ನು ಮಹಿಳೆಯರಿಗೆ ಮಾತ್ರ ಕೊಟ್ಟಿತು. ಪುರುಷರಿಗೆ 10,000 ಮೀರಿದರೆ ತಿಂಗಳಿಗೆ 200, ಫೆಬ್ರುವರಿಯಲ್ಲಿ 300 ರೂಪಾಯಿ. ಆದಕಾರಣ ಇಪ್ಪತ್ತು ಸಾವಿರ ಸಂಬಳದ ಮಹಿಳೆಯೊಬ್ಬರ ಪುಣೆಯ ಚೀಟಿಯಲ್ಲಿ ಪಿ.ಟಿ. 200 ಎಂದಿದ್ದರೆ ಅದರ ಬಗ್ಗೆ ಪ್ರಶ್ನಿಸಬೇಕು.

ದಾನದ ಹೆಸರು, ಹಕ್ಕಿನ ಹಣ

ಸಂಬಳಕ್ಕೆ ಸಂಬಂಧಿಸಿದ ಇಂಗ್ಲಿಷಿನಲ್ಲಿ ಮೋಸಗೊಳಿಸುವಂತಹ ಕೆಲವು ಶಬ್ದಗಳಿವೆ. ಅವುಗಳ ಧ್ವನಿಯೇ ಕೊಡುವವನ ಔದಾರ್ಯವನ್ನು ಸೂಚಿಸುತ್ತದೆ. ‘ಬೋನಸ್’ ಲ್ಯಾಟಿನ್ನಿನಲ್ಲಿ ‘ಒಳ್ಳೆಯದು’. ‘ಗ್ರ್ಯಾಚ್ಯುಟಿ’ ಎಂದರೆ ಪ್ರೀತಿಯಿಂದ ಕೊಟ್ಟ ಉಡುಗೊರೆ. ‘ಅಲೋಯನ್ಸ್’ ಎಂದರೆ ಮಂಜೂರು ಮಾಡಿದ್ದು. ಇವನ್ನು ಕೇಳಿದ ಉದ್ಯೋಗಿಗೆ, ಮಾಲೀಕರು ಸಂತೋಷದಿಂದ ಕೊಟ್ಟರೆ ತೆಗೆದುಕೊಳ್ಳಬೇಕು, ಕೊಡದಿದ್ದರೆ ಸುಮ್ಮನಿರಬೇಕು ಎಂಬ ಭಾವನೆ ಬರುವುದು ಸಹಜ. ಶಬ್ದಗಳು ಹುಟ್ಟಿದಾಗ ಪರಿಸ್ಥಿತಿಯೂ ಹಾಗೆಯೇ ಇತ್ತು.

ಪುಣೆಯ ಇತಿಹಾಸದಲ್ಲಿಯೇ ಇದಕ್ಕೆ ನಿದರ್ಶನವಿದೆ. 1818ರಲ್ಲಿ ಶರಣಾಗತರಾದ ಎರಡನೆಯ ಬಾಜೀರಾವ್ ಪೇಶ್ವೆಗೆ ಬ್ರಿಟಿಷರು ವರ್ಷಕ್ಕೆ 8 ಲಕ್ಷ ರೂಪಾಯಿಗಳ ‘ಪೆನ್ಷನ್’ ಗೊತ್ತುಪಡಿಸಿದರು. 1851ರಲ್ಲಿ ಅವರು ತೀರಿಕೊಂಡಾಗ, ಅದು ಅವರಿಗೆ ಮಾತ್ರ ಕೊಟ್ಟದ್ದೆಂದು ಹೇಳಿ, ದತ್ತುಪುತ್ರರಾದ ನಾನಾಸಾಹೇಬರಿಗೆ ನಿಲ್ಲಿಸಿಬಿಟ್ಟರು. ಕೊಡುವವನ ಇಚ್ಛೆಯನ್ನು ಅವಲಂಬಿಸಿದ ಹಣದ ಗತಿ ಇದು. ಸ್ವತಂತ್ರ ಭಾರತದಲ್ಲಿ, 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರ ಅವರ ಪ್ರಕರಣದಲ್ಲಿ ತೀರ್ಪು ನೀಡಿದ ಸರ್ವೋಚ್ಚ ನ್ಯಾಯಾಲಯವು, ನಿವೃತ್ತಿ ವೇತನವು ಮಾಲೀಕನ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ದೊರೆಯುವ ಹಕ್ಕು ಎಂದು ಸ್ಪಷ್ಟಪಡಿಸಿತು. ಶಬ್ದವು ಅದೇ ‘ಪೆನ್ಷನ್’, ಅರ್ಥವು ಬದಲಾಯಿತು.

ಬೋನಸ್ಸಿನ ಕಥೆಯೂ ಇದೇ ಬಗೆಯದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳು ಕಾರ್ಮಿಕರಿಗೆ ಯುದ್ಧದ ಬೋನಸ್ ಕೊಡಲಾರಂಭಿಸಿದವು. ಕೆಲವು ವರ್ಷಗಳ ನಂತರ ಅದನ್ನು ನಿಲ್ಲಿಸಿದಾಗ 1924ರಲ್ಲಿ ದೊಡ್ಡ ಮುಷ್ಕರವಾಯಿತು. ಮುಂಬಯಿಯ ಮುಖ್ಯ ನ್ಯಾಯಮೂರ್ತಿ ಸರ್ ನಾರ್ಮನ್ ಮೆಕ್ಲಿಯಾಡ್ ಅವರ ಅಧ್ಯಕ್ಷತೆಯ ಸಮಿತಿಯು ವಿಚಾರಣೆ ನಡೆಸಿ, ಬೋನಸ್ಸನ್ನು ಹಕ್ಕೆಂದು ಕೇಳಲು ಕಾರ್ಮಿಕರಿಗೆ ಆಧಾರವಿಲ್ಲವೆಂದಿತು. ನಾಲ್ಕು ದಶಕಗಳ ತರುವಾಯ 1965ರಲ್ಲಿ ಬೋನಸ್ ಪಾವತಿ ಕಾಯಿದೆ ಬಂದಿತು. ಆ ಕಾಯಿದೆಯ ಸಾರವು ಈಗ ವೇತನ ಸಂಹಿತೆಯೊಳಗೆ ಸೇರಿದೆ. ಇಪ್ಪತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ, ಲೆಕ್ಕದ ವರ್ಷದಲ್ಲಿ ಕನಿಷ್ಠ 30 ದಿನ ದುಡಿದು, ನಿಗದಿಪಡಿಸಿದ ವೇತನ ಮಿತಿಯೊಳಗಿರುವ ಉದ್ಯೋಗಿಗೆ ಶೇಕಡಾ 8.33ಕ್ಕೆ ಕಡಿಮೆಯಿಲ್ಲದ, ಶೇಕಡಾ 20ನ್ನು ಮೀರದ ಬೋನಸ್ ಸಲ್ಲಬೇಕು. 8.33 ಎಂಬ ವಿಚಿತ್ರ ಅಂಕಿಯು ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಒಂದು ತಿಂಗಳ ಸಂಬಳ. ದೀಪಾವಳಿಗೆ ಕೊಡುವ ಮಿಠಾಯಿಯ ಪೆಟ್ಟಿಗೆಯು ಬೇರೆ. ಅದು ನಿಜವಾಗಿಯೂ ಮಾಲೀಕರ ಪ್ರೀತಿಯ ಕಾಣಿಕೆ.

‘ಗ್ರ್ಯಾಚ್ಯುಟಿ’ಗೆ ಕನ್ನಡದಲ್ಲಿ ಉಪದಾನ ಎಂಬ ಶಬ್ದ ನೆಲೆನಿಂತಿದೆ. ಇದರಲ್ಲಿಯೂ ‘ದಾನ’ ಉಳಿದುಕೊಂಡಿದೆಯಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಆ ಆಕ್ಷೇಪಣೆ ನ್ಯಾಯವಾದುದೇ. 1972ರ ಕಾಯಿದೆಯಿಂದ ಇದು ದೇಶದಾದ್ಯಂತ ಹಕ್ಕಾಯಿತು. ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಭಾಗವಾಗಿದೆ. ಹತ್ತು ಅಥವಾ ಹೆಚ್ಚು ಜನರಿರುವ ಅಂಗಡಿ, ಹೋಟೆಲು, ಕಾರ್ಖಾನೆಗಳಲ್ಲಿ ಐದು ವರ್ಷಗಳ ನಿರಂತರ ಸೇವೆ ಸಲ್ಲಿಸಿದವರಿಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನ. ತಿಂಗಳನ್ನು 26 ದಿನಗಳೆಂದು ಎಣಿಸುವುದರಿಂದ, ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. ‘ಫಿಕ್ಸೆಡ್ ಟರ್ಮ್’, ಅಂದರೆ ನಿಗದಿತ ಅವಧಿಗೆ ನೇಮಕವಾದವರಿಗೆ ಐದು ವರ್ಷಗಳ ಷರತ್ತಿಲ್ಲ. ಒಂದು ವರ್ಷ ದುಡಿದರೆ ಸಾಕು. ಹೋಟೆಲು ಕೆಲಸದವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಇಂಗ್ಲೆಂಡ್, ಅಮೆರಿಕಗಳಲ್ಲಿ ಹೋಟೆಲಿನ ಬಿಲ್ಲಿನ ಮೇಲೆ ‘ಗ್ರ್ಯಾಚ್ಯುಟಿ’ ಎಂದಿದ್ದರೆ ಅದು ಮಾಣಿಗೆ ಗ್ರಾಹಕರು ಕೊಡುವ ‘ಟಿಪ್ಸ್’. ದುಬೈಗೋ ಲಂಡನ್ನಿಗೋ ಹೊರಟ ನಮ್ಮ ಹುಡುಗರು ಕರಾರು ಪತ್ರದಲ್ಲಿರುವ ಆ ಶಬ್ದವು ಯಾವ ಅರ್ಥದ್ದೆಂದು ಕೇಳಿ ತಿಳಿಯುವುದು ಒಳ್ಳೆಯದು.

ಟಿಪ್ಸ್ ಎಂದಿಗೂ ಸಂಬಳಕ್ಕೆ ಬದಲಿಯಲ್ಲ. ಖಾನಾವಳಿಯಲ್ಲಿ ಊಟ ಮತ್ತು ವಸತಿ ಕೊಡುತ್ತೇವೆ, ಆದುದರಿಂದ ಸಂಬಳ ಕಡಿಮೆ ಎಂಬ ಮಾತೂ ಆಗಾಗ ಕೇಳಿಬರುತ್ತದೆ. ನಗದಿನ ಬದಲು ವಸ್ತುರೂಪದಲ್ಲಿ ಕೊಟ್ಟದ್ದನ್ನು ಒಟ್ಟು ವೇತನದ ಶೇಕಡಾ 15ರವರೆಗೆ ಮಾತ್ರ ವೇತನವೆಂದು ಎಣಿಸಬಹುದೆಂದು ಸಂಹಿತೆಯು ಹೇಳುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಇನ್ ಕೈಂಡ್’ ಎನ್ನುತ್ತಾರೆ. ಇಲ್ಲಿ ಕೈಂಡ್ ಎಂದರೆ ದಯೆಯಲ್ಲ, ವಸ್ತು.

ಕಾಲಕ್ಕೆ ಸಂಬಂಧಿಸಿದ ಶಬ್ದಗಳು

ಸಂಬಳ ಎಷ್ಟು ಎಂಬುದರಷ್ಟೇ ಯಾವಾಗ ಎಂಬುದೂ ಮುಖ್ಯ. ತಿಂಗಳ ಸಂಬಳವು ಮುಂದಿನ ತಿಂಗಳ 7ನೆಯ ದಿನದೊಳಗೆ ಕೈಸೇರಬೇಕು. ವಾರದ ಬಟವಾಡೆಯಾದರೆ ವಾರದ ಕೊನೆಯ ಕೆಲಸದ ದಿನ. ದಿನಗೂಲಿಯಾದರೆ ಪಾಳಿ ಮುಗಿದಾಗಲೇ. ಕೊಡಬೇಕಾಗಿರುವುದು ‘ಡ್ಯೂ’, ಕೊಡದೆ ಹಿಂದೆ ಉಳಿದದ್ದು ‘ಅರಿಯರ್ಸ್’, ನಮ್ಮ ಬಾಕಿ. ಸಂಬಳ ಹೆಚ್ಚಳವು ಹಿಂದಿನ ದಿನಾಂಕದಿಂದ ಜಾರಿಯಾದಾಗಲೂ ವ್ಯತ್ಯಾಸದ ಮೊತ್ತಕ್ಕೆ ಅರಿಯರ್ಸ್ ಎಂದೇ ಹೆಸರು. ವರ್ಷಕ್ಕೊಮ್ಮೆಯ ಹೆಚ್ಚಳ ‘ಇನ್‌ಕ್ರಿಮೆಂಟ್’. ಗುರಿ ಮುಟ್ಟಿದ್ದಕ್ಕಾಗಿ ಕೊಡುವ ಉತ್ತೇಜನ ‘ಇನ್ಸೆಂಟಿವ್’. ಕಿವಿಗೆ ಒಂದೇ ಬಗೆಯಾಗಿ ಕೇಳುವ ಇವೆರಡರಲ್ಲಿ ಮೊದಲನೆಯದು ಬೇಸಿಕ್ಕಿಗೆ ಸೇರಿ ಮುಂದೆಯೂ ಉಳಿಯುತ್ತದೆ, ಎರಡನೆಯದು ಆ ತಿಂಗಳಿಗೇ ಮುಗಿಯುತ್ತದೆ.

‘ಓವರ್‌ಟೈಮ್’ ಅಥವಾ ‘ಓ.ಟಿ.’ ಗೊತ್ತುಪಡಿಸಿದ ಹೊತ್ತಿಗಿಂತ ಹೆಚ್ಚು ದುಡಿದುದು. ಅದಕ್ಕೆ ಸಾಮಾನ್ಯ ದರದ ಎರಡರಷ್ಟಕ್ಕೆ ಕಡಿಮೆಯಿಲ್ಲದಂತೆ ಕೊಡಬೇಕು. ಗಣೇಶೋತ್ಸವ, ದೀಪಾವಳಿಗಳ ಮುನ್ನಾ ವಾರಗಳಲ್ಲಿ ಲಕ್ಷ್ಮೀ ರಸ್ತೆಯ ಅಂಗಡಿಗಳು ರಾತ್ರಿಯವರೆಗೆ ಗಿಜಿಗುಡುತ್ತವೆ. ಆ ದಿನಗಳ ಹೆಚ್ಚುವರಿ ಗಂಟೆಗಳನ್ನು ಒಂದು ಸಣ್ಣ ಪುಸ್ತಕದಲ್ಲಿ ತಾರೀಖಿನೊಡನೆ ಬರೆದಿಟ್ಟುಕೊಳ್ಳುವವರು ಜಾಣರು. ‘ಅಡ್ವಾನ್ಸ್’ಗೆ ಮರಾಠಿಯಲ್ಲಿ ಉಚಲ, ಕನ್ನಡದಲ್ಲಿ ಮುಂಗಡ. ಮುಂಗಡವನ್ನು ಕಂತುಗಳಲ್ಲಿ ಹಿಡಿಯಬಹುದಾದರೂ ಆ ಸಾಲದ ಹೆಸರಿನಲ್ಲಿ ಯಾರನ್ನೂ ಬಲವಂತದಿಂದ ದುಡಿಸಿಕೊಳ್ಳುವುದು 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆಯಂತೆ ಅಪರಾಧ.

ಕೆಲಸ ಬಿಟ್ಟಾಗಿನ ಶಬ್ದ ‘ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್’, ಪೂರ್ಣ ಮತ್ತು ಅಂತಿಮ ಲೆಕ್ಕ ತೀರುವಳಿ. ರಾಜೀನಾಮೆ ಕೊಟ್ಟರೂ, ಕೆಲಸದಿಂದ ತೆಗೆದರೂ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಈ ಸಂದರ್ಭದಲ್ಲಿ ಸಾಮಾನ್ಯವಾಗಿ ಒಂದು ಇಂಗ್ಲಿಷ್ ಕಾಗದಕ್ಕೆ ಸಹಿ ಕೇಳುತ್ತಾರೆ. ಅದರಲ್ಲಿ ‘ನೋ ಡ್ಯೂಸ್’ ಎಂದಿದ್ದರೆ ‘ನನಗೆ ಬರಬೇಕಾದ ಬಾಕಿ ಏನೂ ಇಲ್ಲ’ ಎಂದು ತಾವೇ ಒಪ್ಪಿಕೊಂಡಂತೆ. ಹಣ ಖಾತೆಗೆ ಜಮೆಯಾದ ನಂತರವೇ ಅದಕ್ಕೆ ಸಹಿ ಮಾಡತಕ್ಕದ್ದು. ‘ರಿಸೀವ್ಡ್’ ಎಂದರೆ ಪಡೆದಿದ್ದೇನೆ, ‘ರಿಸೀವಬಲ್’ ಎಂದರೆ ಪಡೆಯಬೇಕಾಗಿದೆ. ಶಬ್ದದ ಬಾಲದಲ್ಲಿರುವ ಒಂದೆರಡು ಅಕ್ಷರಗಳಲ್ಲಿ ಹತ್ತು ವರ್ಷಗಳ ಉಪದಾನ ಅಡಗಿರಬಹುದು.

ವೇತನ ಕಡಿಮೆ ಬಂದರೆ ಅಥವಾ ಬಾರದಿದ್ದರೆ ಮೂರು ವರ್ಷಗಳೊಳಗೆ ಅಧಿಕಾರಿಯ ಮುಂದೆ ಹಕ್ಕುಕೇಳಿಕೆ ಸಲ್ಲಿಸಬಹುದು. ಹಕ್ಕುಕೇಳಿಕೆಗೆ ಇಂಗ್ಲಿಷಿನಲ್ಲಿ ‘ಕ್ಲೇಮ್’. ಬರಬೇಕಾದ ಹಣದ ಜೊತೆಗೆ ಅದರ ಹತ್ತರಷ್ಟರವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಅವರಿಗಿದೆ. ಗುತ್ತಿಗೆದಾರನು ಸಂಬಳ ಕೊಡದೆ ಹೋದರೆ, ಕೆಲಸ ನಡೆದ ಸಂಸ್ಥೆಯ ಮಾಲೀಕರು ಅದಕ್ಕೆ ಹೊಣೆಯಾಗುತ್ತಾರೆ. ಸಂಬಳ ಕೊಟ್ಟಿದ್ದೇವೆ ಎಂದು ರುಜುವಾತುಪಡಿಸುವ ಭಾರವನ್ನು ಕಾನೂನು ಮಾಲೀಕರ ಮೇಲೆ ಹೊರಿಸಿದೆ. ಬಂದಿಲ್ಲವೆಂದು ಉದ್ಯೋಗಿಯು ಸಾಧಿಸಿ ತೋರಿಸಬೇಕಾಗಿಲ್ಲ. ಆದರೂ ಅರ್ಜಿಯೊಡನೆ ಹಳೆಯ ಸಂಬಳದ ಚೀಟಿಗಳು, ನೇಮಕಾತಿ ಪತ್ರ, ಬ್ಯಾಂಕಿನ ಪಾಸ್‌ಬುಕ್ಕು ಇವುಗಳ ಪ್ರತಿಗಳನ್ನು ಲಗತ್ತಿಸಿದರೆ ವಿಚಾರಣೆ ಬೇಗ ಸಾಗುತ್ತದೆ. ಆದಕಾರಣ ಚೀಟಿಗಳನ್ನು ತಿಂಗಳಿನ ಕ್ರಮದಲ್ಲಿ ಜೋಡಿಸಿ ಕನಿಷ್ಠ ಮೂರು ವರ್ಷ ಕಾದಿರಿಸತಕ್ಕದ್ದು. ಮೊಬೈಲಿನಲ್ಲಿ ಬರುವ ಚೀಟಿಯಾದರೆ, ಕೆಲಸ ಬಿಟ್ಟ ದಿನವೇ ಆ ಖಾತೆಯು ಮುಚ್ಚಿಹೋಗುವ ಸಂಭವವಿರುವುದರಿಂದ, ಪ್ರತಿ ತಿಂಗಳೂ ಅದರ ಪ್ರತಿ ತೆಗೆದಿಟ್ಟುಕೊಳ್ಳತಕ್ಕದ್ದು.